ಡ್ರೈಸೂಟ್ ವಾಲ್ವ್: ನಂಬಿಕೆ ಎಷ್ಟು, ನಿಜ ಎಷ್ಟು?

ಮುರ್ಡೇಶ್ವರದ ಆಚೆ ನೇತ್ರಾಣಿಯ ಬೆಚ್ಚಗಿನ ನೀರಿನಲ್ಲಿ ಸ್ಕೂಬಾ ಕಲಿತವರಿಗೆ ತೆಳ್ಳನೆಯ ವೆಟ್‌ಸೂಟ್ ಸಾಕಾಗುತ್ತದೆ. ಐಸ್‌ಲೆಂಡಿನ ಸಿಲ್ಫ್ರಾ ಬಿರುಕಿನಲ್ಲಿ ಮುಳುಗಲು ಅದು ಸಾಲದು. ಹಿಮನದಿಯಿಂದ ಕರಗಿ, ಲಾವಾ ಬಂಡೆಗಳ ನಡುವೆ ಸೋಸಿ ಬರುವ ಅಲ್ಲಿನ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಮೈಗೆ ನೀರು ತಾಗದಂತೆ ಮುಚ್ಚಿ, ದಪ್ಪ ಒಳಉಡುಪಿನಲ್ಲಿ ಗಾಳಿಯನ್ನು ಹಿಡಿದಿಡುವ ಡ್ರೈಸೂಟ್ ಅಲ್ಲಿ ಬೇಕೇ ಬೇಕು. ಮೈ ಬೆಚ್ಚಗಿಡುವ ಆ ಗಾಳಿಯೇ ಮೇಲೇರುವಾಗ ಹಿಗ್ಗಿ ಅಪಾಯ ತರುತ್ತದೆ. ಅದನ್ನು ಹೊರಬಿಡಲು ಎಡ ತೋಳಿನ ಮೇಲ್ಭಾಗದಲ್ಲಿ ಒಂದು ಎಕ್ಸಾಸ್ಟ್ ವಾಲ್ವ್ ಇರುತ್ತದೆ. ಅದನ್ನು ಆರಿಸುವ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಗಳ ಮೂಲ ಒಂದೇ: ವಾಲ್ವ್ ತನ್ನ ಬಳಿಗೆ ಬಂದ ಗಾಳಿಯನ್ನಷ್ಟೇ ಹೊರಬಿಡಬಲ್ಲದು ಎಂಬುದನ್ನು ಮರೆಯುವುದು.

ತಪ್ಪು ಕಲ್ಪನೆ: ಆಟೊಮ್ಯಾಟಿಕ್ ವಾಲ್ವ್ ಇದ್ದರೆ ಎಲ್ಲವೂ ತಾನಾಗಿಯೇ ಆಗುತ್ತದೆ.

ಸತ್ಯ: ಪ್ರೆಶರ್ ಕುಕ್ಕರ್‌ನ ವಿಶಲ್ ಮನಸ್ಸಿನಲ್ಲಿರುವುದರಿಂದ ಈ ನಂಬಿಕೆ ಸಹಜ. ಕುಕ್ಕರ್‌ನೊಳಗೆ ಎಲ್ಲ ಕಡೆಯೂ ಒಂದೇ ಒತ್ತಡ, ಹಾಗಾಗಿ ವಿಶಲ್ ಎಲ್ಲಿದ್ದರೂ ಕೆಲಸ ನಡೆಯುತ್ತದೆ. ಡ್ರೈಸೂಟ್ ಮೆತ್ತನೆಯದು, ಸುತ್ತಲೂ ನೀರು. ಒಳಗಿನ ಗಾಳಿ ಯಾವಾಗಲೂ ದೇಹದ ಅತಿ ಎತ್ತರದ ಭಾಗಕ್ಕೆ ಓಡುತ್ತದೆ, ಕೆಳಗಿನ ಭಾಗದಲ್ಲಿ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ. ವಾಲ್ವ್‌ನೊಳಗಿನ ರಬ್ಬರ್ ಬಿಲ್ಲೆಯನ್ನು ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಒಳಗಿನ ಗಾಳಿಯ ಒತ್ತಡವು ಹೊರಗಿನ ನೀರಿನ ಒತ್ತಡ ಮತ್ತು ಸ್ಪ್ರಿಂಗ್‌ನ ಬಲ ಎರಡನ್ನೂ ಮೀರಿದಾಗ ಮಾತ್ರ ಬಿಲ್ಲೆ ಏಳುತ್ತದೆ. ಮೊಣಕೈಯನ್ನು ಮೇಲಕ್ಕೆತ್ತಿ ವಾಲ್ವ್ ಅನ್ನು 20 ಸೆಂಟಿಮೀಟರ್ ಎತ್ತರಿಸಿದರೆ ಅದರ ಹೊರಗಿನ ನೀರಿನ ಒತ್ತಡ ಸುಮಾರು 20 ಮಿಲಿಬಾರ್ ಇಳಿಯುತ್ತದೆ, ಅಷ್ಟರಿಂದಲೇ ಗುಳ್ಳೆಗಳು ಹೊರಡುತ್ತವೆ. ಅಂದರೆ ಆಟೊಮ್ಯಾಟಿಕ್ ಎನ್ನುವುದು ಅರ್ಧ ಕೆಲಸಕ್ಕೆ ಮಾತ್ರ ಒಪ್ಪುವ ಹೆಸರು. ಉಳಿದರ್ಧ ಡೈವರ್‌ನ ಭಂಗಿಯದು. ಕಾಲು ಮೇಲಾದರೆ ಗಾಳಿಯೆಲ್ಲ ಪಾದಗಳಿಗೆ ಸೇರುತ್ತದೆ, ತೋಳಿನಲ್ಲಿರುವ ಅತ್ಯುತ್ತಮ ವಾಲ್ವ್ ಕೂಡ ಆಗ ನಿಷ್ಪ್ರಯೋಜಕ. ಮಂಡಿಗಳನ್ನು ಎದೆಗೆಳೆದುಕೊಂಡು ಉರುಳಿ ತಲೆ ಮೇಲೆ ತಂದುಕೊಳ್ಳುವ ಅಭ್ಯಾಸವೇ ಅಲ್ಲಿ ಕಾಪಾಡುವುದು.

ಹಾಗಾದರೆ ಪಾದದ ಬಳಿಯೂ ಒಂದು ವಾಲ್ವ್ ಇಡಬಹುದಲ್ಲ ಎಂದು ಕೇಳಬಹುದು. ಕೆಲವು ಸೂಟ್‌ಗಳಲ್ಲಿ ಅದೂ ಉಂಟು. ಆದರೆ ಅಡ್ಡಲಾಗಿ ಈಜುವಾಗ ಕಾಲು ಸ್ವಲ್ಪ ಮೇಲಾದರೂ ಅದು ಬೇಡದ ಹೊತ್ತಿನಲ್ಲಿ ಗಾಳಿ ಬಿಡುತ್ತದೆ, ಕಾಲು ತಣ್ಣಗಾಗುತ್ತದೆ, ನೀರು ಸೋರಬಹುದಾದ ಇನ್ನೊಂದು ಜಾಗವೂ ಹುಟ್ಟುತ್ತದೆ. ಮಣಿಕಟ್ಟಿನ ಸಣ್ಣ ವಾಲ್ವ್‌ನದೂ ಇದೇ ಕಥೆ. ಕೈ ಎತ್ತಿದರೆ ಸಾಕು, ಕೆಲಸ ಮಾಡುತ್ತದೆ. ಆದರೆ ಸನ್ನೆ ಮಾಡಲು, ಕ್ಯಾಮೆರಾ ಹಿಡಿಯಲು ಕೈ ಎತ್ತಿದಾಗಲೂ ಗಾಳಿ ಹೋಗುತ್ತದೆ. ಬೇಕಾದಾಗ ಬಿಗಿ ಮಾಡಿ, ಬೇಕಾದಾಗ ಸಡಿಲಿಸಬಹುದಾದ ತೋಳಿನ ವಾಲ್ವ್ ಹೆಚ್ಚಿನವರಿಗೆ ಮೇಲು.

ತಪ್ಪು ಕಲ್ಪನೆ: ಹೆಚ್ಚು ಗಾಳಿ ಬಿಡುವ ದೊಡ್ಡ ವಾಲ್ವ್ ಎಂದರೆ ಹೆಚ್ಚು ಸುರಕ್ಷಿತ.

ಸತ್ಯ: ಈ ನಂಬಿಕೆಯಲ್ಲಿ ಸ್ವಲ್ಪ ಹುರುಳಿದೆ, ಏಕೆಂದರೆ ಗಾಳಿ ಹಿಗ್ಗುವ ವೇಗ ಎಲ್ಲ ಆಳದಲ್ಲೂ ಒಂದೇ ಅಲ್ಲ. ಸಿಲ್ಫ್ರಾದಲ್ಲಿ ಡೈವರ್‌ಗಳಿಗೆ ಇರುವ ಮಿತಿ 18 ಮೀಟರ್. ಅಲ್ಲಿನ ಒತ್ತಡ ಸುಮಾರು 2.8 ಬಾರ್. ಬಾಯ್ಲ್‌ನ ನಿಯಮದಂತೆ ಆ ಆಳದ 1 ಲೀಟರ್ ಗಾಳಿ 5 ಮೀಟರ್ ತಲುಪುವಾಗ 1.9 ಲೀಟರಿನಷ್ಟಾಗಿ, ಮೇಲ್ಮೈಯಲ್ಲಿ 2.8 ಲೀಟರ್ ಆಗುತ್ತದೆ. ಅಂದರೆ ಒಟ್ಟು ಹಿಗ್ಗುವಿಕೆಯಲ್ಲಿ ಅರ್ಧದಷ್ಟು ಕೊನೆಯ 5 ಮೀಟರಿನಲ್ಲೇ ನಡೆಯುತ್ತದೆ. ಅಷ್ಟು ಹೊತ್ತಿಗೆ ಗಾಳಿ ಉಳಿದುಕೊಂಡಿದ್ದರೆ, ಎಷ್ಟು ದೊಡ್ಡ ವಾಲ್ವ್ ಆದರೂ ತಡವೇ. ಮೇಲೇರಲು ತೊಡಗುವ ಮೊದಲೇ ವಾಲ್ವ್ ಅನ್ನು ಪೂರ್ತಿ ಸಡಿಲಿಸಿ, ಸ್ವಲ್ಪ ಸ್ವಲ್ಪವಾಗಿ ಗಾಳಿ ಬಿಡುತ್ತ ಬರಬೇಕು. ಗಾಳಿ ಹೊರಹೋಗುವ ವೇಗವನ್ನು ಅನೇಕ ಸಲ ನಿರ್ಧರಿಸುವುದು ವಾಲ್ವ್‌ನ ಅಗಲವಲ್ಲ, ಅದರ ಹಿಂದಿರುವ ಒಳಉಡುಪು. ದಪ್ಪ ಬಟ್ಟೆ ವಾಲ್ವ್‌ನ ಒಳಮುಖದ ತೂತುಗಳಿಗೆ ಅಂಟಿಕೊಂಡರೆ ದಾರಿಯೇ ಮುಚ್ಚುತ್ತದೆ. ಅದಕ್ಕೇ ಕೆಲವು ಒಳಉಡುಪುಗಳಲ್ಲಿ ಆ ಜಾಗದಲ್ಲಿ ಜಾಲರಿ ಬಟ್ಟೆ ಹಾಕಿರುತ್ತಾರೆ. ಇನ್ನು ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಸೂಟ್ ಮೈಯನ್ನು ಹಿಂಡುತ್ತದೆ, ಚಳಿಯೂ ಹತ್ತುತ್ತದೆ.

ತಪ್ಪು ಕಲ್ಪನೆ: ತೋಳು ಒದ್ದೆಯಾದರೆ ವಾಲ್ವ್ ಕೆಟ್ಟಿದೆ, ಬಿಗಿಯಾಗಿ ತಿರುಗಿಸಿಟ್ಟರೆ ನೀರು ಬರುವುದಿಲ್ಲ.

ಸತ್ಯ: ನೀರು ಒಳಬರದೆ ನಿಲ್ಲುವುದು ರಬ್ಬರ್ ಬಿಲ್ಲೆ ತನ್ನ ಪೀಠದ ಮೇಲೆ ಸರಿಯಾಗಿ ಕೂರುವುದರಿಂದ. ಒಳಉಡುಪಿನ ಒಂದು ನೂಲು, ಒಂದು ಕೂದಲು, ಮರಳಿನ ಒಂದು ಕಣ ಅಲ್ಲಿ ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ಸಿಹಿ ನೀರಿನಲ್ಲಿ ತೊಳೆದರೆ ಬಹಳ ಸಲ ಅಷ್ಟೇ ಸಾಕು. ಗಾಳಿ ಎಲ್ಲ ಹೋದ ಮೇಲೂ ಕೈಯಿಂದ ಗಾಳಿ ಬಿಡಲು ವಾಲ್ವ್ ಮೇಲಿರುವ ಗುಂಡಿಯನ್ನು ಒತ್ತಿಹಿಡಿದರೆ ನೀರು ಒಳಗೆ ಬರುವುದುಂಟು. ಒಳಗೆ ಕಂಡ ಒದ್ದೆ ಬೆವರಿನದಾಗಿರಬಹುದು, ಮಣಿಕಟ್ಟಿನ ಸೀಲ್‌ನಿಂದ ಬಂದದ್ದೂ ಆಗಿರಬಹುದು. ನೀರಿನ ಹೆದರಿಕೆಯಿಂದ ವಾಲ್ವ್ ಅನ್ನು ಬಿಗಿ ಮಾಡಿಟ್ಟು ಮೇಲೇರುವವರು ಸಣ್ಣ ತೊಂದರೆ ತಪ್ಪಿಸಲು ಹೋಗಿ ನಿಯಂತ್ರಣ ತಪ್ಪಿ ಮೇಲಕ್ಕೆ ಚಿಮ್ಮುವ ಅಪಾಯವನ್ನು ತಂದುಕೊಳ್ಳುತ್ತಾರೆ.

ಎಲ್ಲ ಭಂಗಿಯದೇ ಆದರೆ ಸಿಕ್ಕಿದ ವಾಲ್ವ್ ಕೊಂಡರಾಯಿತೇ? ಇಲ್ಲ. ಭಂಗಿಗೆ ಸಹಕರಿಸುವ ವಾಲ್ವ್ ಬೇಕು. ಅದು ಎಡ ತೋಳಿನ ಹೊರಬದಿಯಲ್ಲಿ, ಮೊಣಕೈ ಎತ್ತಿದಾಗ ಅತಿ ಎತ್ತರಕ್ಕೆ ಬರುವಂತೆ ಇರಬೇಕು. ದಪ್ಪ ಕೈಗವಸು ಹಾಕಿದ ಬಲಗೈಯಿಂದ ತಿರುಗಿಸಲು, ಒತ್ತಲು ಆಗಬೇಕು. ಸೂಟ್ ಮೇಲೆ ತೊಡುವ ಡೈವಿಂಗ್ ಜಾಕೆಟ್‌ನ ಪಟ್ಟಿ ಅದಕ್ಕೆ ಸಿಕ್ಕಿಕೊಳ್ಳಬಾರದು. ಬಿಡಿಭಾಗ ಸಿಗಬೇಕು, ಬಿಚ್ಚಿ ತೊಳೆಯಲು ಬರಬೇಕು. ಕೊಳ್ಳುವ ಮುನ್ನ ಅದೇ ಒಳಉಡುಪು, ಅದೇ ಕೈಗವಸು ತೊಟ್ಟು, ತರಬೇತುದಾರರ ಜೊತೆ ಆಳವಿಲ್ಲದ ಕೊಳದಲ್ಲಿ ಗಾಳಿ ತುಂಬಿಸಿ ಬಿಟ್ಟು ನೋಡಿ. ಅಲ್ಲಿ ತೋಳೆತ್ತಿದ ಕೂಡಲೇ ಗುಳ್ಳೆಗಳು ಸರಾಗವಾಗಿ ಹೊರಟರೆ ಅದನ್ನು ಕೊಳ್ಳಿ. ಒದ್ದಾಡಬೇಕಾಗಿ ಬಂದರೆ, ಬೆಲೆ ಎಷ್ಟೇ ಇರಲಿ, ಬಿಟ್ಟುಬಿಡಿ.