ಕಾಫಿ ಸಂಸ್ಕೃತಿ ಮತ್ತು ಕಿರುತೆರೆಯ ಕಥನ

ಕನ್ನಡದ ದಿನಬಳಕೆಯಲ್ಲಿ ‘ಕಾಫಿ-ತಿಂಡಿ’ ಎಂಬುದು ಜೋಡುನುಡಿಯಾಗಿ ನೆಲೆಗೊಂಡಿದೆ. ಹಳೆಯ ಮೈಸೂರು ಮತ್ತು ಮಲೆನಾಡಿನ ಭಾಗಗಳಲ್ಲಿ ಬೆಳಗ್ಗೆ ಎದುರಾದವರನ್ನು ‘ಕಾಫಿ ಆಯ್ತಾ?’ ಎಂದು ವಿಚಾರಿಸುವುದು ಕುಶಲಪ್ರಶ್ನೆಯ ಒಂದು ಬಗೆ. ಹೊರನಾಡಿನಿಂದ ಬಂದ ಬೆಳೆಯೊಂದು ನುಡಿಯೊಳಗೆ ಇಷ್ಟು ಆಳವಾಗಿ ಬೇರೂರಿರುವಾಗ ‘ಕಾಫಿ ಸಂಸ್ಕೃತಿ’ ಎಂಬ ಮಾತನ್ನು ಕುಡಿಯುವವರ ಅಭಿರುಚಿಗೆ ಮಾತ್ರ ಸೀಮಿತಗೊಳಿಸಲಾಗದು. ಬೆಳೆಯುವವರು, ಹಣ್ಣು ಕೊಯ್ಯುವವರು, ಹುರಿದು ಪುಡಿ ಮಾಡುವವರು, ಬಡಿಸುವವರು, ಕುಡಿಯುವವರು – ಇವರೆಲ್ಲರ ನಡುವಿನ ಸಂಬಂಧಗಳ ಒಟ್ಟು ವ್ಯವಸ್ಥೆಯೇ ಕಾಫಿ ಸಂಸ್ಕೃತಿ. ಇದನ್ನು ಕಿರುತೆರೆ ಹೇಗೆ ಕಂಡಿದೆ, ಹೇಗೆ ಕಾಣಬಹುದು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಕರ್ನಾಟಕದಲ್ಲಿ ಕಾಫಿಯ ಚರಿತ್ರೆ ಐತಿಹ್ಯದಿಂದ ಆರಂಭವಾಗುತ್ತದೆ. 17ನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ಬಿತ್ತಿದರೆಂಬುದು ಜನಜನಿತ ಕತೆ. ಕಾಫಿ ವಾಣಿಜ್ಯ ಬೆಳೆಯಾಗಿ ವಿಸ್ತರಿಸಿದ್ದು 19ನೆಯ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಆರಂಭವಾಯಿತು. 1942ರ ಕಾಫಿ ಕಾಯಿದೆಯ ಅನ್ವಯ ಮಾರಾಟದ ನಿಯಂತ್ರಣ ಕಾಫಿ ಮಂಡಳಿಯ ಕೈಸೇರಿತು. 1990ರ ದಶಕದ ಉದಾರೀಕರಣದ ತರುವಾಯ ಬೆಳೆಗಾರರು ತಮ್ಮ ಫಸಲನ್ನು ನೇರವಾಗಿ ಮುಕ್ತ ಮಾರುಕಟ್ಟೆಯಲ್ಲಿ ಮಾರತೊಡಗಿದರು. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡ 70ರಷ್ಟು ಪಾಲು ಇಂದು ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳನ್ನೊಳಗೊಂಡ ಕರ್ನಾಟಕದ್ದು.

ಈ ಚರಿತ್ರೆಯಲ್ಲಿ ಹೆಸರಿಲ್ಲದೆ ಉಳಿದವರು ತೋಟದ ಕಾರ್ಮಿಕರು. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳುನಾಡಿನಿಂದ, ಈಚಿನ ವರ್ಷಗಳಲ್ಲಿ ಅಸ್ಸಾಂನಂತಹ ದೂರದ ರಾಜ್ಯಗಳಿಂದ ಬಂದ ಜನ ಲೈನ್ ಮನೆಗಳಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯು ವಸತಿ, ವೈದ್ಯಕೀಯ ನೆರವು ಮತ್ತು ಶಿಶುಪಾಲನೆಯ ಹೊಣೆಯನ್ನು ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತು. ಹೀಗೆ ಕಾನೂನಿನ ಪುಟಗಳಲ್ಲಿ ಕಾಣಿಸಿಕೊಂಡ ಕಾರ್ಮಿಕರು ಕಾಫಿಯನ್ನು ಕುರಿತ ದೃಶ್ಯಕಥನಗಳಲ್ಲಿ ಮಾತ್ರ ಅಪರೂಪವಾಗಿದ್ದಾರೆ.

ಕಾಫಿ ಲೋಟವೂ ಸಾಮಾಜಿಕವಾಗಿ ತಟಸ್ಥವಾದ ವಸ್ತುವಲ್ಲ. ಕೊಡಗು-ಮಲೆನಾಡಿನ ಬೆಲ್ಲದ ಕಾಫಿ, ನಗರದ ಮಧ್ಯಮವರ್ಗದ ಮನೆಗಳ ಫಿಲ್ಟರ್ ಕಾಫಿ, ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತೇ ಹಂಚಿಕೊಳ್ಳುವ ‘ಬೈಟೂ ಕಾಫಿ’ – ಇವು ಬೇರೆಬೇರೆ ಬದುಕಿನ ಕ್ರಮಗಳನ್ನು ಸೂಚಿಸುತ್ತವೆ. ಕಾಫಿ ಮಂಡಳಿಯ ಕಾಫಿ ಹೌಸ್‌ಗಳು ಮುಚ್ಚುವ ಹಂತ ತಲುಪಿದಾಗ ಕೆಲಸ ಕಳೆದುಕೊಂಡ ನೌಕರರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಇಂಡಿಯನ್ ಕಾಫಿ ಹೌಸ್ ನಡೆಸಿದ್ದು ಇದೇ ಸಂಸ್ಕೃತಿಯ ಭಾಗ. ಹಲವು ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗಾಗಿ ಪ್ರತ್ಯೇಕ ಲೋಟ ಇರಿಸುತ್ತಿದ್ದುದೂ ಇದೇ ಸಂಸ್ಕೃತಿಯ ಭಾಗವೇ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಹೋಟೆಲಿನ ಪಾತ್ರೆಗಳ ಬಳಕೆಯಲ್ಲಿ ಇಂತಹ ಭೇದ ಎಣಿಸುವುದನ್ನು ಶಿಕ್ಷಾರ್ಹಗೊಳಿಸಿತು. ಆದ್ದರಿಂದ ಕಾಫಿಯನ್ನು ಕೇವಲ ಆತಿಥ್ಯದ, ಆಪ್ತತೆಯ ಸಂಕೇತವೆಂದು ಬಣ್ಣಿಸುವುದು ಅರ್ಧಸತ್ಯವಾಗುತ್ತದೆ. ಯಾರಿಗೆ ಯಾವ ಲೋಟದಲ್ಲಿ, ಎಲ್ಲಿ ಕೂರಿಸಿ ಕೊಡಲಾಯಿತು ಎಂಬ ಪ್ರಶ್ನೆಯೂ ಅದರೊಂದಿಗೆ ಇದೆ.

ಕಿರುತೆರೆಯ ಕಾಫಿ ಸಾಮಾನ್ಯವಾಗಿ ಎರಡು ರೂಪಗಳಲ್ಲಿ ಕಾಣಿಸುತ್ತದೆ. ಒಂದು, ಕೌಟುಂಬಿಕ ಧಾರಾವಾಹಿಗಳಲ್ಲಿ ಸೊಸೆ ಟ್ರೇ ಹಿಡಿದು ತರುವ ಕಾಫಿ. ಹೆಣ್ಣು ನೋಡುವ ಶಾಸ್ತ್ರದಲ್ಲಿ, ಅತ್ತೆಯ ಮುನಿಸಿನಲ್ಲಿ, ಗುಟ್ಟಿನ ಮಾತು ಕಿವಿಗೆ ಬೀಳುವ ಸನ್ನಿವೇಶದಲ್ಲಿ ಅದು ಕತೆಯನ್ನು ಮುಂದೂಡುವ ಸಾಧನ. ಮನೆಯ ಯಜಮಾನಿಕೆಯ ಶ್ರೇಣಿಯನ್ನು ಅದು ಸೂಚಿಸುತ್ತದೆಯಾದರೂ ಆ ಶ್ರೇಣಿಯನ್ನು ಪ್ರಶ್ನಿಸುವುದು ವಿರಳ. ಇನ್ನೊಂದು, ಶ್ರೀಮಂತ ನಾಯಕನ ಎಸ್ಟೇಟ್. ಇಲ್ಲಿ ತೋಟವೆಂದರೆ ಮಂಜು, ಹಸಿರು, ಬಂಗಲೆ. ಗಿಡವಿದೆ, ಕೊಯ್ಯುವ ಕೈಯಿಲ್ಲ. ಮೊದಲನೆಯದರಲ್ಲಿ ತೋಟದ ನೆನಪಿಲ್ಲ. ಎರಡನೆಯದರಲ್ಲಿ ಲೋಟದ ನೆನಪಿಲ್ಲ. ಇವೆರಡರ ನಡುವಿನ ಕೊಂಡಿ ಕಡಿದುಹೋಗಿರುವುದೇ ಕಿರುತೆರೆಯ ಮುಖ್ಯ ಕೊರತೆ.

ಅಮೆರಿಕದ ‘ಫ್ರೆಂಡ್ಸ್’ (1994-2004) ಧಾರಾವಾಹಿ ನ್ಯೂಯಾರ್ಕಿನ ಕಾಫಿ ಅಂಗಡಿಯೊಂದನ್ನು ಗೆಳೆತನದ ಕೇಂದ್ರವಾಗಿಸಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಆರಂಭವಾದ ಬಳಿಕ ಇಲ್ಲಿನ ನಗರಗಳ ಯುವಜನರಿಗೂ ಅಂತಹ ತಾಣ ಪರಿಚಿತವಾಯಿತು. ಆದರೆ ಆ ಮಾದರಿಯು ಕುಡಿಯುವವರ ಲೋಕಕ್ಕೆ ಸೀಮಿತವಾದುದು. ಬೆಳೆಯುವ ನಾಡು ಮತ್ತು ಕುಡಿಯುವ ನಾಡು ಎರಡೂ ಆಗಿರುವ ಕರ್ನಾಟಕದ ಅನುಭವವನ್ನು ಕಟ್ಟಿಕೊಡಲು ಅದು ಸಾಲದು.

ಇದಕ್ಕೆ ಬೇಕಾದ ಸಾಧನ ಕಿರುತೆರೆಯ ಬಳಿ ಈಗಾಗಲೇ ಇದೆ. ಅದೆಂದರೆ ಕಾಲ. ದಿನನಿತ್ಯದ ಧಾರಾವಾಹಿ ವರ್ಷಗಟ್ಟಲೆ ನಡೆಯುತ್ತದೆ. ಕಾಫಿಯೂ ವರ್ಷವಿಡೀ ದುಡಿಮೆ ಬೇಡುವ ಬೆಳೆ. ಮಾರ್ಚ್-ಏಪ್ರಿಲ್ ತಿಂಗಳ ಹೂಮಳೆಗಾಗಿ ಆಕಾಶ ನೋಡುವ ಆತಂಕ, ಮಳೆ ಬಿದ್ದ ವಾರದ ಆಸುಪಾಸಿನಲ್ಲಿ ಅರಳಿ ಮೂರು-ನಾಲ್ಕು ದಿನಗಳಲ್ಲಿ ಬಾಡುವ ಬಿಳಿ ಹೂ, ಮಳೆಗಾಲದ ಕೊಳೆರೋಗ, ಅರೇಬಿಕಾ ಗಿಡಕ್ಕೆ ಕಾಂಡಕೊರಕ ತಗುಲುವ ಭಯ, ನವೆಂಬರಿನಿಂದ ಆರಂಭವಾಗುವ ಕೊಯ್ಲು, ಸಂಜೆ ಹಣ್ಣಿನ ತೂಕ ಹಾಕುವಾಗ ಕಾರ್ಮಿಕರಿಗೂ ರೈಟರಿಗೂ ನಡೆಯುವ ವಾದ, ಕಣದಲ್ಲಿ ಒಣಗುತ್ತಿರುವಾಗ ಸುರಿಯುವ ಅಕಾಲದ ಮಳೆ – ಇವುಗಳಲ್ಲಿ ಪ್ರತಿಯೊಂದೂ ಸಹಜವಾದ ನಾಟಕೀಯ ಸನ್ನಿವೇಶ. ಕೃತಕ ತಿರುವುಗಳಿಗಾಗಿ ಹುಡುಕಬೇಕಾದ ಅಗತ್ಯ ಅಲ್ಲಿಲ್ಲ. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’, ನಿತ್ಯಜೀವನದ ಸಣ್ಣ ವಿವರಗಳಿಂದಲೇ ಒಂದು ಊರನ್ನು ಕಿರುತೆರೆಯಲ್ಲಿ ಕಟ್ಟಬಹುದೆಂಬುದನ್ನು ತೋರಿಸಿದೆ.

ಭಾಷೆಯ ಪ್ರಶ್ನೆಯೂ ಇಷ್ಟೇ ಮುಖ್ಯ. ಕೊಡಗಿನ ಒಂದು ತೋಟದಲ್ಲಿಯೇ ಕೊಡವ, ಅರೆಭಾಷೆ, ಕನ್ನಡ, ತುಳು, ಮಲಯಾಳ, ತಮಿಳು ನುಡಿಗಳು ಕೇಳಿಬರಬಹುದು. ಮಾಲೀಕರು, ಮೇಸ್ತ್ರಿ, ಕಾರ್ಮಿಕರು ಪರಸ್ಪರ ಆಡುವ ಮಾತಿನಲ್ಲಿ ಅಧಿಕಾರದ ಅಂತರವೂ ಬಹುಕಾಲದ ಒಡನಾಟದ ಸಲುಗೆಯೂ ಬೆರೆತಿರುತ್ತವೆ. ಎಲ್ಲರ ಬಾಯಲ್ಲೂ ಒಂದೇ ನಗರ ಕನ್ನಡವನ್ನು ಆಡಿಸಿದರೆ ಈ ಸಂಬಂಧಗಳು ಕಣ್ಮರೆಯಾಗುತ್ತವೆ.

ಒಟ್ಟಿನಲ್ಲಿ, ಕಾಫಿ ಸಂಸ್ಕೃತಿಯನ್ನು ಚಿತ್ರಿಸುವುದೆಂದರೆ ಹಬೆಯಾಡುವ ಲೋಟವನ್ನು ಹತ್ತಿರದಿಂದ ತೋರಿಸುವುದಲ್ಲ. ಆ ಲೋಟ ಕೈಗೆ ಬರುವವರೆಗಿನ ದಾರಿಯನ್ನು ತೋರಿಸುವುದು. ‘ಕಾಫಿ ಆಯ್ತಾ?’ ಎಂಬ ಪ್ರಶ್ನೆಯನ್ನು ಕಿರುತೆರೆ ಲೈನ್ ಮನೆಯ ಬಾಗಿಲಲ್ಲಿಯೂ ಕೇಳಿದಾಗ ಮಾತ್ರ ಆ ದಾರಿ ಪೂರ್ಣವಾಗಿ ಕಾಣಲು ಸಾಧ್ಯ.