ಯಾವ ಮಲ್ಲಿಕಾರ್ಜುನ?

‘ಮಲ್ಲಿಕಾರ್ಜುನ’ ಎಂಬ ಹೆಸರಿನ ಮೂಲ ಶ್ರೀಶೈಲ. ಇಲ್ಲಿನ ‘ಅರ್ಜುನ’ ಪಾಂಡವ ಮಧ್ಯಮನಲ್ಲ. ಸಂಸ್ಕೃತದಲ್ಲಿ ಆ ಪದಕ್ಕೆ ಬಿಳುಪು ಎಂಬ ಅರ್ಥವೂ ಇದೆ. ಮಲ್ಲಿಗೆಯಷ್ಟು ಬೆಳ್ಳಗಿನ ಶಿವನೇ ಮಲ್ಲಿಕಾರ್ಜುನ. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ ತನ್ನ ವಚನಗಳಿಗೆ ಅಂಕಿತ ಮಾಡಿಕೊಂಡದ್ದು ಇವನನ್ನೇ. ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವವರ ಬಾಯಲ್ಲಿ ಅವನು ಬರೀ ಮಲ್ಲಯ್ಯ. ಮಲ್ಲಪ್ಪ, ಮಲ್ಲಣ್ಣ, ಮಲ್ಲೇಶಿ, ಮಲ್ಲವ್ವ ಎಲ್ಲರೂ ಆ ಒಂದೇ ಬಳ್ಳಿಯ ಹೂಗಳು.

ಪಟ್ಟದಕಲ್ಲಿನ ಮಲ್ಲಿಕಾರ್ಜುನ ದೇವಾಲಯಕ್ಕೆ ಈ ಹೆಸರು ಬಂದದ್ದು ಮಾತ್ರ ತಡವಾಗಿ. 8ನೆಯ ಶತಮಾನದಲ್ಲಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದಾಗ ಅದು ಅವಳ ಹೆಸರಿನ ತ್ರೈಲೋಕ್ಯೇಶ್ವರ. ಜನರ ನಾಲಿಗೆ ರಾಣಿಯನ್ನು ಬಿಟ್ಟು ಮಲ್ಲಯ್ಯನನ್ನು ಹಿಡಿಯಿತು.

ಹೆಸರು ಶೈವದ್ದಾದರೂ ಹೊತ್ತವರೆಲ್ಲ ಶೈವರಲ್ಲ. 13ನೆಯ ಶತಮಾನದ ಮಲ್ಲಿಕಾರ್ಜುನ ಜೈನ ಕವಿ. ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ಆಯ್ದು ‘ಸೂಕ್ತಿಸುಧಾರ್ಣವ’ ಸಂಕಲಿಸಿದವನು ಇವನು. ಮೂಲಕೃತಿ ಕಳೆದುಹೋದ ಎಷ್ಟೋ ಪದ್ಯಗಳು ಇವನಿಂದಾಗಿ ಉಳಿದಿವೆ. ಇಷ್ಟಿದ್ದರೂ ಶಾಲೆಯ ಪಾಠದಲ್ಲಿ ಇವನ ಗುರುತು ‘ಶಬ್ದಮಣಿದರ್ಪಣ’ದ ಕೇಶಿರಾಜನ ತಂದೆ ಎಂದಷ್ಟೇ. ಎರಡು ಶತಮಾನದ ಆಚೆ ಇನ್ನೊಬ್ಬ ಮಲ್ಲಿಕಾರ್ಜುನ, ಇಮ್ಮಡಿ ದೇವರಾಯನ ಮಗ, 1446ರಿಂದ 1465ರವರೆಗೆ ವಿಜಯನಗರವನ್ನು ಆಳಿದ. ಅಪ್ಪನ ವೈಭವ ಅವನ ಕಾಲಕ್ಕೆ ಉಳಿಯಲಿಲ್ಲ. ಒರಿಸ್ಸಾದ ಗಜಪತಿಗಳ ದಾಳಿ ತಾಳುವುದರಲ್ಲೇ ಆಳ್ವಿಕೆ ಸವೆಯಿತು.

ಇಷ್ಟು ಮಂದಿಗೆ ಒಂದೇ ಹೆಸರಾದರೆ ಗುರುತು ಹಿಡಿಯುವುದು ಹೇಗೆ? ಧಾರವಾಡದ ಕಡೆ ಊರೇ ಅಡ್ಡಹೆಸರು. ಜೈಪುರ–ಅತ್ರೌಲಿ ಘರಾಣೆಯ ಗಾಯಕ ಮಲ್ಲಿಕಾರ್ಜುನ ಮನ್ಸೂರ (1910–1992) ಹುಟ್ಟೂರು ಮನ್ಸೂರನ್ನು ಹೆಸರಿನ ಹಿಂದೆ ಕಟ್ಟಿಕೊಂಡೇ ಪದ್ಮವಿಭೂಷಣದವರೆಗೆ ನಡೆದರು. 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದ, ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರದೂ ಅಡ್ಡಹೆಸರಿನ ಪದ್ಧತಿಯೇ. ಹಳೇ ಮೈಸೂರಿಗೆ ಸೇರಿದ್ದ ದಾವಣಗೆರೆಯಲ್ಲಿ ಲೆಕ್ಕ ಉಲ್ಟಾ: ಊರೂ ಅಪ್ಪನೂ ಇನಿಷಿಯಲ್ ಆಗಿ ಮುಂದೆ ನಿಲ್ಲುತ್ತಾರೆ.

ಅಲ್ಲಿನ ಕಾಂಗ್ರೆಸ್ ರಾಜಕಾರಣಿ ಎಸ್.ಎಸ್. ಮಲ್ಲಿಕಾರ್ಜುನ್ ಅವರ ಹೆಸರನ್ನು ಬಿಡಿಸಿದರೆ ಮೊದಲ ‘ಎಸ್’ ಶಾಮನೂರು, ಎರಡನೆಯದು ತಂದೆ ಶಿವಶಂಕರಪ್ಪ. ಶಾಮನೂರು ಈಗ ದಾವಣಗೆರೆ ನಗರದೊಳಗೆ ಕರಗಿರುವ ಹಳ್ಳಿ. ಆ ಒಂದಕ್ಷರದಲ್ಲಿ ರಾಜ್ಯವೆಲ್ಲ ಸುತ್ತುತ್ತದೆ. ಎದುರು ಮನೆತನದಲ್ಲೂ ಮಲ್ಲಿಕಾರ್ಜುನನೇ. ಭೀಮಸಮುದ್ರದ ಜಿ. ಮಲ್ಲಿಕಾರ್ಜುನಪ್ಪ 1996ರಲ್ಲೂ 1999ರಲ್ಲೂ ಬಿಜೆಪಿಯಿಂದ ದಾವಣಗೆರೆಯ ಸಂಸದರಾದರು. ನಡುವೆ 1998ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ. 2004ರಿಂದ ಕಣ ಮಕ್ಕಳದಾಯಿತು. ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ ಆ ವರ್ಷ, 2009ರಲ್ಲಿ, ಮತ್ತೆ 2014ರಲ್ಲಿ ಸೋಲಿಸಿದ್ದು ಎಸ್.ಎಸ್. ಮಲ್ಲಿಕಾರ್ಜುನ್ ಅವರನ್ನು. ಒಬ್ಬರಿಗೆ ಮಲ್ಲಿಕಾರ್ಜುನ ಸ್ವಂತ ಹೆಸರು, ಇನ್ನೊಬ್ಬರಿಗೆ ಅದೇ ‘ಎಂ’.

2024ರಲ್ಲಿ ಸರದಿ ಸೊಸೆಯಂದಿರದು. ಬಿಜೆಪಿಯಿಂದ ಮಲ್ಲಿಕಾರ್ಜುನಪ್ಪನವರ ಸೊಸೆ ಗಾಯಿತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಶಿವಶಂಕರಪ್ಪನವರ ಸೊಸೆ ಪ್ರಭಾ ಮಲ್ಲಿಕಾರ್ಜುನ್. ಇಲ್ಲಿ ಇನಿಷಿಯಲ್ ಬಿಟ್ಟುಹೋಗಿ ಗಂಡನ ಹೆಸರು ಹಿಂದೆ ಬಂತು. ಗೆದ್ದವರು ಪ್ರಭಾ, ಹಾಗೆ ದಾವಣಗೆರೆಯ ಸಂಸದರ ಪಟ್ಟಿಗೆ ಮಲ್ಲಿಕಾರ್ಜುನನ ಹೆಸರು ಮರಳಿತು, ಈ ಸಲ ಇನ್ನೊಂದು ಮನೆಯಿಂದ.