ಅಂಗಾಲಿಗೆ ಅರಿವಾಗದ ಕಂಪನ

ಎರಡು ಕಾಲುಗಳ ಮೇಲೆ ಸುಮ್ಮನೆ ನಿಂತಿರುವುದು ಹೊರನೋಟಕ್ಕೆ ಏನನ್ನೂ ಮಾಡದೆ ಇರುವಂತೆ ಕಂಡರೂ ದೇಹದೊಳಗೆ ಅದು ಎಡೆಬಿಡದ ದುಡಿಮೆಯಾಗಿರುತ್ತದೆ. ಹೊಕ್ಕುಳಿಗಿಂತ ತುಸು ಕೆಳಗೆ ಕಿಬ್ಬೊಟ್ಟೆಯ ಒಳಭಾಗದಲ್ಲಿರುವ ಗುರುತ್ವಕೇಂದ್ರವು ಎರಡು ಪಾದಗಳು ಆವರಿಸಿದ ಕಿರಿದಾದ ನೆಲದ ಮೇಲಿನಿಂದ ಆಚೆಗೆ ಸರಿಯದಂತೆ ನರಮಂಡಲವು ಕಾಲಿನ ಸ್ನಾಯುಗಳನ್ನು ಕ್ಷಣಕ್ಷಣಕ್ಕೂ ಬಿಗಿಗೊಳಿಸುತ್ತ, ಸಡಿಲಿಸುತ್ತ ಇರಬೇಕಾಗುತ್ತದೆ. ಈ ತಿದ್ದುಪಡಿಗೆ ಬೇಕಾದ ಮಾಹಿತಿ ಮೂರು ಕಡೆಯಿಂದ ಬರುತ್ತದೆ. ಸುತ್ತಲಿನ ದೃಶ್ಯ ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ಕಣ್ಣು ತಿಳಿಸುತ್ತದೆ. ತಲೆ ತಿರುಗಿದ್ದನ್ನೂ ವಾಲಿದ್ದನ್ನೂ ಒಳಕಿವಿಯ ಅರೆವೃತ್ತ ನಾಳಗಳು ಮತ್ತು ಅವುಗಳ ಬುಡದಲ್ಲಿರುವ, ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಚೀಲಗಳು ಅಳೆಯುತ್ತವೆ. ದೇಹದ ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಬುಡದ ಮೇಲಿದೆಯೋ ಎಂಬ ವರದಿಯನ್ನು ಅಂಗಾಲಿನ ಚರ್ಮದಲ್ಲಿಯೂ ಕಾಲಿನ ಸ್ನಾಯು ಹಾಗೂ ಕೀಲುಗಳಲ್ಲಿಯೂ ಹುದುಗಿರುವ ಗ್ರಾಹಕಗಳು, ಅಂದರೆ ಒತ್ತಡ, ಎಳೆತ, ಕಂಪನಗಳನ್ನು ವಿದ್ಯುತ್ ಸಂಕೇತಗಳಾಗಿ ಬದಲಿಸುವ ನರತುದಿಗಳು, ಒಪ್ಪಿಸುತ್ತವೆ.

ವಯಸ್ಸಾದಂತೆ ಈ ಮೂರೂ ಮೂಲಗಳು ಮಂಕಾಗುತ್ತವೆಯಾದರೂ ಕಣ್ಣಿನ ಪೊರೆ ಮತ್ತು ಮಂಡಿನೋವು ಪಡೆಯುವ ಗಮನವನ್ನು ಅಂಗಾಲಿನ ನಷ್ಟ ಪಡೆಯುವುದಿಲ್ಲ. ಯುವಕನೊಬ್ಬನ ಪಾದ ಗುರುತಿಸಬಲ್ಲ ನವಿರಾದ ಕಂಪನವು ಎಪ್ಪತ್ತು ದಾಟಿದವರ ಪಾದಕ್ಕೆ ತಿಳಿಯಬೇಕಾದರೆ ಅದರ ಪ್ರಬಲತೆ ಸಾಕಷ್ಟು ಹೆಚ್ಚಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ನಷ್ಟ ಇನ್ನೂ ಬೇಗ ತಲೆದೋರುತ್ತದೆ, ಏಕೆಂದರೆ ಆ ಕಾಯಿಲೆಯಿಂದ ಬರುವ ನರಹಾನಿ ಸಾಮಾನ್ಯವಾಗಿ ದೇಹದ ಅತಿ ಉದ್ದದ ನರಗಳನ್ನು ಮೊದಲು ಹಿಡಿಯುತ್ತದೆ, ಅತಿ ಉದ್ದದ ನರಗಳು ಕೊನೆಗೊಳ್ಳುವುದು ಪಾದದಲ್ಲಿಯೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಅಂಗಾಲಿನ ವರದಿ ಮಂಕಾದಾಗ ಬೀಳುವ ಅಪಾಯವೂ ಹೆಚ್ಚುತ್ತದೆ; ಜಗತ್ತಿನಾದ್ಯಂತ ಬೀಳುವುದರಿಂದ ವರ್ಷಕ್ಕೆ ಸುಮಾರು 6,84,000 ಸಾವುಗಳು ಸಂಭವಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ್ದು, ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ ಆಗಿದೆ.

ಹಿರಿಯರ ನಡಿಗೆಗೆ ನೆರವಾಗಲು ರೂಪುಗೊಂಡಿರುವ ಧರಿಸುವ ಸಾಧನಗಳಲ್ಲಿ ಬಹುಪಾಲು ಬಲವನ್ನು ಎರವಲು ಕೊಡುವಂಥವು. ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಹೊರಕವಚಗಳು, ಅಂದರೆ ಮೋಟಾರಿನ ಸಹಾಯದಿಂದ ಕೀಲುಗಳನ್ನು ತಿರುಗಿಸುವ ಚೌಕಟ್ಟುಗಳು, ಈ ವರ್ಗಕ್ಕೆ ಸೇರುತ್ತವೆ; ಜಪಾನಿನ ಹೋಂಡಾ ಕಂಪನಿ 1999ರಲ್ಲಿಯೇ ಇಂಥದೊಂದು ಸಾಧನದ ಸಂಶೋಧನೆಯನ್ನು ಆರಂಭಿಸಿತ್ತು. ಇಟಲಿಯ ಪೀಸಾ ನಗರದ ಸಾಂತಾನ್ನಾ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೊಂಟದ ಹೊರಕವಚವು ಧರಿಸಿದವರ ಹೆಜ್ಜೆಯ ಲಯವನ್ನು ಮೊದಲು ಕಲಿತುಕೊಂಡು, ಲಯ ತಪ್ಪಿದ್ದನ್ನು ಕಾಲು ಜಾರಿದ ಗುರುತೆಂದು ಗ್ರಹಿಸಿ, ಆಗ ಮಾತ್ರ ತೊಡೆಗಳಿಗೆ ಬಲ ಕೊಟ್ಟು ನಿಲ್ಲಿಸಲು ಸಹಾಯ ಮಾಡಿತು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮೋಟಾರು ಬೂಟು 2022ರ ಪರೀಕ್ಷೆಯಲ್ಲಿ ನಡಿಗೆಯ ವೇಗವನ್ನು 9 ಶೇಕಡದಷ್ಟು ಹೆಚ್ಚಿಸಿ, ಸಾಗಿದ ದೂರಕ್ಕೆ ತಗಲುವ ಶಕ್ತಿಯನ್ನು 17 ಶೇಕಡದಷ್ಟು ಇಳಿಸಿದ್ದು ನಿಜವಾದರೂ ಅದನ್ನು ಧರಿಸಿ ನಡೆದವರು ಆರೋಗ್ಯವಂತ ಯುವಜನರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಬಲದ ಬದಲು ಮಾಹಿತಿಯನ್ನು ಹಿಂದಿರುಗಿಸುವ ಸಾಧನಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ವಿಜ್ಞಾನದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾಗಿವೆ, ಅವುಗಳಲ್ಲಿಯೂ ಮುಖ್ಯವಾದದ್ದು ಪಾದರಕ್ಷೆಯೊಳಗೆ ಇಡುವ ಕಂಪಿಸುವ ಒಳಹಾಸು. ಇದರ ಮೂಲತತ್ತ್ವ ಮೊದಲ ಓದಿಗೆ ತಲೆಕೆಳಗಾದಂತೆ ತೋರುತ್ತದೆ: ಸಂಕೇತ ದುರ್ಬಲವಾದಲ್ಲಿ ಅದಕ್ಕೆ ಗದ್ದಲವನ್ನು, ಅಂದರೆ ಲಯವಿಲ್ಲದ ಏರಿಳಿತವನ್ನು, ಬೆರೆಸಿದರೆ ಸಂಕೇತ ಹೆಚ್ಚು ಸ್ಪಷ್ಟವಾಗುತ್ತದೆ. ನರಕೋಶವು ತನಗೆ ತಲುಪಿದ ಪ್ರಚೋದನೆ ಒಂದು ನಿರ್ದಿಷ್ಟ ಹೊಸ್ತಿಲ ಮಟ್ಟವನ್ನು ದಾಟಿದಾಗ ಮಾತ್ರ ಸಂಕೇತವನ್ನು ಮುಂದಕ್ಕೆ ಕಳಿಸುತ್ತದೆ, ದಾಟದಿದ್ದರೆ ಮೌನವಾಗಿರುತ್ತದೆ. ಕೋಡಿಯ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ನೀರು ನಿಂತಿರುವ ಕೆರೆಯಲ್ಲಿ ನಿಧಾನವಾದ ಅಲೆಯೊಂದು ಏರಿ ಇಳಿದರೂ ಒಂದು ಹನಿಯೂ ಹೊರಗೆ ಬೀಳದಿರಬಹುದು, ಆದರೆ ಗಾಳಿ ಬೀಸಿ ನೀರಿನ ಮೇಲೆ ದಿಕ್ಕುದೆಸೆಯಿಲ್ಲದ ಕಿರುತೆರೆಗಳು ಎದ್ದರೆ ದೊಡ್ಡ ಅಲೆಯ ನೆತ್ತಿಯ ಮೇಲೆ ಕುಳಿತ ತೆರೆಗಳಷ್ಟೇ ಕೋಡಿಯನ್ನು ದಾಟುತ್ತವೆ; ಕೆಳಗಿನ ಕಾಲುವೆಯಲ್ಲಿ ನಿಂತವರು ನೀರು ಬೀಳುವ ಹೊತ್ತನ್ನು ನೋಡಿಯೇ ಅಲೆ ಯಾವಾಗ ಏರಿತು ಎಂಬುದನ್ನು ಹೇಳಬಲ್ಲರು. ಗಾಳಿ ಬಿರುಗಾಳಿಯಾದರೆ ನೀರು ಎಲ್ಲ ಹೊತ್ತಿನಲ್ಲೂ ಚೆಲ್ಲಿ ಅಲೆಯ ಸುಳಿವು ಅಳಿಸಿಹೋಗುತ್ತದೆ, ಆದ್ದರಿಂದ ಗದ್ದಲ ಹಿತಮಿತವಾಗಿರುವುದು ಅಗತ್ಯ.

ಭೌತವಿಜ್ಞಾನದಲ್ಲಿ ಸ್ಟೊಕಾಸ್ಟಿಕ್ ರೆಸೊನೆನ್ಸ್ ಎಂದು ಕರೆಯಲ್ಪಡುವ ಈ ವಿದ್ಯಮಾನವನ್ನು ಇಟಲಿಯ ರೊಬೆರ್ತೊ ಬೆಂಜಿ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಮುಂದಿಟ್ಟದ್ದು ಹಿಮಯುಗಗಳು ಸುಮಾರು ಒಂದು ಲಕ್ಷ ವರ್ಷಗಳಿಗೊಮ್ಮೆ ಮರಳುವುದೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ; ಹಿಮಯುಗಕ್ಕಾಗಿ ಹುಟ್ಟಿದ ಗಣಿತ ಚಪ್ಪಲಿಯ ಒಳಗೆ ಬಂದು ಸೇರಿದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪದ ಪಯಣವೇ ಸರಿ. ನಡುವೆ 1993ರಲ್ಲಿ, ಸೀಗಡಿಯನ್ನು ಹೋಲುವ ಕ್ರೇಫಿಶ್ ಎಂಬ ಸಿಹಿನೀರಿನ ಜೀವಿಯ ಬಾಲದ ರೋಮಗಳಿಗೆ ಅಂಟಿಕೊಂಡ ನರಗಳು ಹದವಾದ ಗದ್ದಲವಿದ್ದಾಗ ನೀರಿನ ಕ್ಷೀಣ ಚಲನೆಯನ್ನು ಉತ್ತಮವಾಗಿ ಗುರುತಿಸುತ್ತವೆ ಎಂಬುದನ್ನು ಫ್ರಾಂಕ್ ಮಾಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು, ಮೂರು ವರ್ಷಗಳ ನಂತರ ಬಾಸ್ಟನ್ ವಿಶ್ವವಿದ್ಯಾಲಯದ ಜೇಮ್ಸ್ ಕಾಲಿನ್ಸ್ ಅವರ ತಂಡ ಮನುಷ್ಯರ ಸ್ಪರ್ಶಜ್ಞಾನದಲ್ಲಿಯೂ ಅದನ್ನೇ ಕಂಡಿತು.

ಕಾಲಿನ್ಸ್ ತಂಡ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 15 ಯುವಜನರೂ ಸರಾಸರಿ 73 ವರ್ಷದ 12 ಹಿರಿಯರೂ ಮೆತ್ತನೆಯ ಜೆಲ್ ಒಳಹಾಸುಗಳ ಮೇಲೆ ಕಣ್ಣು ಮುಚ್ಚಿ ನಿಂತರು. ಒಳಹಾಸಿನಲ್ಲಿ ಹುದುಗಿಸಿದ್ದ ಕಂಪಕಗಳು ಯಾವುದೇ ಲಯವಿಲ್ಲದ ಕಂಪನವನ್ನು ಹೊಮ್ಮಿಸುತ್ತಿದ್ದವು, ಅದರ ಪ್ರಮಾಣವನ್ನು ಪ್ರತಿಯೊಬ್ಬರ ಪಾದಕ್ಕೂ ಬೇರೆಬೇರೆಯಾಗಿ ಹೊಂದಿಸಿ ಅವರ ಅರಿವಿಗೆ ಬರದಷ್ಟು ಕೆಳಗೆ ಇಡಲಾಗಿತ್ತು, ಹೀಗಾಗಿ ಸಾಧನ ಚಾಲನೆಯಲ್ಲಿದೆಯೋ ಇಲ್ಲವೋ ಎಂಬುದು ನಿಂತವರಿಗೆ ತಿಳಿಯುವಂತಿರಲಿಲ್ಲ. ಕಂಪನ ಇದ್ದಾಗ ದೇಹದ ಓಲಾಟ ಕಡಿಮೆಯಾಯಿತು, ಆ ಇಳಿಕೆ ಹಿರಿಯರಲ್ಲಿ ಇನ್ನೂ ಎದ್ದುಕಾಣುವಂತಿತ್ತು. ಸಕ್ಕರೆ ಕಾಯಿಲೆಯಿಂದ ನರಹಾನಿಯಾದವರಲ್ಲೂ ಪಾರ್ಶ್ವವಾಯು ಪೀಡಿತರಲ್ಲೂ ಇದೇ ಬಗೆಯ ಫಲಿತಾಂಶ 2006ರಲ್ಲಿ ದೊರೆಯಿತು. ಮುಂದೆ 2015ರಲ್ಲಿ ಹಾರ್ವರ್ಡ್‌ನ ಸಂಶೋಧಕರು, ವಿದ್ಯುತ್ ಹರಿಸಿದಾಗ ಆಕಾರ ಬದಲಿಸುವ ಪೀಜೋ ವಸ್ತುವಿನ ಸಣ್ಣ ಕಂಪಕವನ್ನು ಪಾದದ ಕಮಾನಿನ ಕೆಳಗೆ ಇಟ್ಟು ನೋಡಿದಾಗ ಹೆಜ್ಜೆ ಹೆಜ್ಜೆಯ ನಡುವಿನ ಕಾಲದ ಏರುಪೇರು ತಗ್ಗಿತು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವ, ವೈದ್ಯರು ಎಲ್ಲೆಡೆ ಬಳಸುವ ಪರೀಕ್ಷೆಯೂ ಬೇಗ ಮುಗಿಯಿತು. ಹೆಜ್ಜೆಯ ಏರುಪೇರಿಗೆ ಇಲ್ಲಿ ಮಹತ್ತ್ವ ಇರುವುದು, ಬೀಳುವ ಅಪಾಯ ಹೆಚ್ಚಿರುವ ಹಿರಿಯರನ್ನು ಗುರುತಿಸುವ ಲಕ್ಷಣಗಳಲ್ಲಿ ಅದೂ ಒಂದಾಗಿರುವುದರಿಂದ.

ಆದರೆ ಓಲಾಟ ಕಡಿಮೆಯಾಗುವುದೂ ಬೀಳುವುದು ಕಡಿಮೆಯಾಗುವುದೂ ಒಂದೇ ಅಲ್ಲ. ಒಬ್ಬ ವ್ಯಕ್ತಿ ವರ್ಷಕ್ಕೆ ಒಂದೋ ಎರಡೋ ಬಾರಿ ಬೀಳುತ್ತಾನೆಂದಾದರೆ, ಸಾಧನವು ಅದನ್ನು ತಡೆಯಿತೆಂದು ಸಾಧಿಸಲು ನೂರಾರು ಜನರನ್ನು ತಿಂಗಳುಗಟ್ಟಲೆ ಹಿಂಬಾಲಿಸಬೇಕಾಗುತ್ತದೆ, ಪ್ರಯೋಗಾಲಯದಲ್ಲಿ ಹನ್ನೆರಡು ಮಂದಿಯನ್ನು ನಿಲ್ಲಿಸಿ ನೋಡಿದರೆ ಸಾಲದು. ಈ ಕಟ್ಟುನಿಟ್ಟಿನ ಅಳತೆಗೋಲಿಗೆ ಈಗಾಗಲೇ ಒಗ್ಗಿರುವುದು ಯಾವ ಯಂತ್ರವೂ ಅಲ್ಲದ ವ್ಯಾಯಾಮ. 108 ಪ್ರಯೋಗಗಳನ್ನೂ 23,407 ಜನರನ್ನೂ ಒಳಗೊಂಡ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯಲ್ಲಿ ಅದು ಬೀಳುವ ಪ್ರಮಾಣವನ್ನು 23 ಶೇಕಡದಷ್ಟು ತಗ್ಗಿಸಿದ್ದು ಕಂಡುಬಂದಿದೆ. ನರ ಪೂರ್ತಿ ಸತ್ತುಹೋದ ಪಾದದಲ್ಲಿ ಗದ್ದಲದಿಂದ ಎಬ್ಬಿಸಬೇಕಾದ ಸಂಕೇತವೇ ಇರುವುದಿಲ್ಲ ಎಂಬ ಮಿತಿಯೂ ಒಳಹಾಸಿಗೆ ಇದೆ.

ಇನ್ನೊಂದು ಮಿತಿ ಯಂತ್ರದ್ದಲ್ಲ, ಮನೆಯ ರೂಢಿಯದ್ದು. ಹಿರಿಯರು ಬೀಳುವುದು ಅನೇಕ ವೇಳೆ ಮನೆಯೊಳಗೆ, ಒದ್ದೆಯಾದ ಬಚ್ಚಲಿನಲ್ಲಿ ಅಥವಾ ರಾತ್ರಿ ಎದ್ದು ಕತ್ತಲಲ್ಲಿ ನಡೆಯುವಾಗ. ಕರ್ನಾಟಕದ ಮನೆಗಳಲ್ಲಿ ಆ ಹೊತ್ತಿಗೆ ಪಾದರಕ್ಷೆ ಬಾಗಿಲಾಚೆ ಇರುವುದರಿಂದ, ದಿನವಿಡೀ ಬೂಟು ಧರಿಸುವ ಸಮಾಜದಲ್ಲಿ ರೂಪುಗೊಂಡ ಒಳಹಾಸು ಬೇಕಾದ ಗಳಿಗೆಯಲ್ಲೇ ಕೆಲಸಕ್ಕೆ ಬಾರದೆ ಹೋಗುತ್ತದೆ. ಕಾಲಿನ್ಸ್ ತಂಡದ್ದೇ ಆದ, ಅಷ್ಟಾಗಿ ಪ್ರಸಿದ್ಧಿ ಪಡೆಯದ 2002ರ ಪ್ರಯೋಗವೊಂದು ಈ ಕಾರಣಕ್ಕಾಗಿಯೇ ಮರಳಿ ಓದಲು ಅರ್ಹವಾಗಿದೆ: ಅದರಲ್ಲಿ ಹಿರಿಯರ ಮಂಡಿಯ ಚರ್ಮದ ಮೇಲೆ ಅರಿವಿಗೆ ಬಾರದಷ್ಟು ಕ್ಷೀಣವಾದ ವಿದ್ಯುತ್ ಗದ್ದಲವನ್ನು ಹರಿಸಿದಾಗ ಅವರು ಒಂಟಿಕಾಲಿನ ಮೇಲೆ ಹೆಚ್ಚು ಸ್ಥಿರವಾಗಿ ನಿಂತರು, ಮಂಡಿಗೆ ಸುತ್ತಿಕೊಳ್ಳುವ ಪಟ್ಟಿಯನ್ನಾದರೆ ಬರಿಗಾಲಿನಲ್ಲಿ ಓಡಾಡುವವರೂ ಹಗಲು ರಾತ್ರಿ ಕಟ್ಟಿಕೊಂಡಿರಬಹುದು.